ಎರಡು ಸಹಿ, ಒಂದು ಸಟ್ಟುಗ

ಉಡುಪಿಯ ಆಸುಪಾಸಿನ ಸಣ್ಣಪುಟ್ಟ ಸಂಘ, ಟ್ರಸ್ಟ್ ಮತ್ತು ಪಾಲುದಾರಿಕೆ ವ್ಯಾಪಾರಗಳ ಲೆಕ್ಕಪತ್ರ ನೋಡುವುದು ನನ್ನ ಕಸುಬು. ಮಾರ್ಚ್ ಕಳೆದ ಮೇಲೆ ಬಂದು ಬೀಳುವ ಕಡತಗಳ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಕೋರಿಕೆಯೂ ಬರತೊಡಗಿದೆ. ‘ನಾವಿಬ್ಬರೂ ಸೇರಿ ನಡೆಸುವವರು, ಇಬ್ಬರೂ ಸಮಾನರು, ಅದನ್ನೊಂದು ಒಪ್ಪಂದದ ರೂಪದಲ್ಲಿ ಬರೆದುಕೊಡಿ’ ಎಂದು ಕೇಳಿಕೊಂಡು ಜನ ಬರುತ್ತಾರೆ. ಹೆಚ್ಚಿನವರು ಕೈಯಲ್ಲೇ ಒಂದು ಕರಡನ್ನೂ ತಂದಿರುತ್ತಾರೆ, ಮತ್ತು ಆ ಕರಡಿನ ಜೀವಾಳವೆಂದರೆ ‘ಎಲ್ಲ ತೀರ್ಮಾನಗಳನ್ನೂ ಇಬ್ಬರೂ ಕೂಡಿ ತೆಗೆದುಕೊಳ್ಳತಕ್ಕದ್ದು’ ಎಂಬ ಒಂದು ವಾಕ್ಯ. ಆ ವಾಕ್ಯವನ್ನು ಹೊಡೆದುಹಾಕುವುದು ನನ್ನ ಮೊದಲ ಕೆಲಸ. ಇಬ್ಬರಿಗೂ ಒಮ್ಮತವಿರುವ ದಿನ ಯಾರೂ ಒಪ್ಪಂದ ಪತ್ರವನ್ನು ಕಪಾಟಿನಿಂದ ಹೊರತೆಗೆಯುವುದಿಲ್ಲ. ಅದು ಹೊರಬರುವುದು ಒಮ್ಮತ ಮುರಿದ ದಿನ, ಮತ್ತು ಆ ದಿನಕ್ಕೆ ಈ ವಾಕ್ಯದಲ್ಲಿ ಯಾವ ಉತ್ತರವೂ ಇಲ್ಲ.

ಅಧಿಕಾರವನ್ನು ಹಂಚಿಕೊಳ್ಳುವುದರಲ್ಲಿ ಎರಡು ಜಾತಿಗಳಿವೆ ಎಂಬುದು ಈ ಕಡತಗಳ ನಡುವೆ ಕುಳಿತು ನನಗೆ ಮನದಟ್ಟಾದ ಸಂಗತಿ. ಒಂದು ಸರದಿಯದು. ಅಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಯಜಮಾನ ಒಬ್ಬನೇ, ಆದರೆ ಯಜಮಾನಿಕೆ ಕೈಯಿಂದ ಕೈಗೆ ಸಾಗುತ್ತಿರುತ್ತದೆ. ಇನ್ನೊಂದು ಜೋಡಿಯದು. ಅಲ್ಲಿ ಒಂದೇ ಹೊತ್ತಿನಲ್ಲಿ ಇಬ್ಬರು ಅಥವಾ ಮೂವರು ಒಂದೇ ಎತ್ತರದಲ್ಲಿ ಕುಳಿತಿರುತ್ತಾರೆ. ಸರದಿ ಕೆಡುವುದು ಬಿಟ್ಟುಕೊಡುವ ದಿನ, ಜೋಡಿ ಕೆಡುವುದು ದಿನನಿತ್ಯದ ವ್ಯವಹಾರದಲ್ಲಿ. ಹೀಗಿರುವಾಗ ಎರಡಕ್ಕೂ ಒಂದೇ ನಮೂನೆಯ ಪತ್ರ ಬರೆಯುವುದು ಜ್ವರ ಯಾವುದೆಂದು ಕೇಳದೆ ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ.

ಸರದಿಯ ವಿಚಾರಕ್ಕೆ ಬಂದರೆ ನಮ್ಮೂರಿನವರು ದೂರ ಹೋಗಿ ಉದಾಹರಣೆ ಹುಡುಕಬೇಕಾದ ಅಗತ್ಯವಿಲ್ಲ. ಶ್ರೀಕೃಷ್ಣ ಮಠದ ಪೂಜೆ ಮತ್ತು ಆಡಳಿತವನ್ನು ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಎಂಬ ಎಂಟು ಮಠಗಳು ಇದೇ ಅನುಕ್ರಮದಲ್ಲಿ ನಡೆಸಿಕೊಂಡು ಬಂದಿವೆ. ಮಧ್ವಾಚಾರ್ಯರು ಹಾಕಿಕೊಟ್ಟ ಕ್ರಮದಲ್ಲಿ ಒಂದೊಂದು ಮಠಕ್ಕೆ ಎರಡೆರಡು ತಿಂಗಳ ಅವಧಿ ಇತ್ತು. ಸೋದೆ ಮಠದ ವಾದಿರಾಜ ತೀರ್ಥರು 1522ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿದರು. ಹದಿನಾರು ತಿಂಗಳ ಸುತ್ತು ಹದಿನಾರು ವರ್ಷದ ಸುತ್ತಾಯಿತು. ಎರಡು ತಿಂಗಳಿಗೊಮ್ಮೆ ಹಸ್ತಾಂತರ ನಡೆಯುತ್ತಿದ್ದರೆ ಯತಿಗಳಿಗೆ ದೂರದ ತೀರ್ಥಯಾತ್ರೆಯಾಗಲಿ ಧರ್ಮಪ್ರಚಾರವಾಗಲಿ ಸಾಧ್ಯವಾಗದು ಎಂಬುದು ಈ ಬದಲಾವಣೆಗೆ ಹೇಳಿಕೊಂಡು ಬಂದ ಕಾರಣ. ಲೆಕ್ಕ ನೋಡುವ ನನಗೆ ಇನ್ನೊಂದು ಕಾರಣವೂ ಕಾಣುತ್ತದೆ: ಎರಡು ತಿಂಗಳಲ್ಲಿ ಯಾರೂ ಏನನ್ನೂ ಕಟ್ಟಲಾರರು, ಬಂದದ್ದನ್ನು ಕಾಯ್ದು ಮುಂದಿನವರಿಗೆ ದಾಟಿಸುವುದಷ್ಟೇ ಆಗುತ್ತದೆ. ಎರಡು ವರ್ಷ ಸಿಕ್ಕರೆ ಒಂದು ಕೆಲಸವನ್ನು ಹಿಡಿದು ಮುಗಿಸಬಹುದು, ಆದರೆ ತನ್ನದೇ ಸೊತ್ತೆಂದು ಬೇರು ಬಿಡುವಷ್ಟು ಕಾಲ ಅದಲ್ಲ. 1522ರಿಂದ ಹದಿನಾರರ ಲೆಕ್ಕದಲ್ಲಿ ಎಣಿಸುತ್ತ ಬಂದರೆ 2018ರಲ್ಲಿ 32ನೆಯ ಸುತ್ತು ಆರಂಭವಾಗುತ್ತದೆ, ಮತ್ತು ಆ ವರ್ಷ ಪೀಠವೇರಿದ್ದು ಮೊದಲ ಸಾಲಿನ ಪಲಿಮಾರು ಮಠವೇ. ರಾಜ್ಯಗಳು ಬದಲಾಗಿ, ಕಂಪನಿ ಸರಕಾರ ಬಂದುಹೋಗಿ, ಜಿಲ್ಲೆಯ ಗಡಿಯೇ ಬೇರೆಯಾದರೂ ಸರದಿ ಒಂದು ಮನೆ ಹಿಂದೆ ಮುಂದೆ ಆಗಲಿಲ್ಲ.

ಭಕ್ತಿ ಇದ್ದುದರಿಂದ ಹೀಗೆ ನಡೆಯಿತು ಎಂದು ಹೇಳಿ ಸುಮ್ಮನಾಗುವವರಿದ್ದಾರೆ. ಭಕ್ತಿ ಇದ್ದ ಎಷ್ಟೋ ದೇವಸ್ಥಾನಗಳ ಮೊಕ್ತೇಸರಿಕೆಯ ವ್ಯಾಜ್ಯ ಮೂರು ತಲೆಮಾರು ನ್ಯಾಯಾಲಯದ ಮೆಟ್ಟಿಲು ಹತ್ತಿರುವುದನ್ನು ಕಂಡ ನಾನು ಆ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರೆ. ಪರ್ಯಾಯವೆಂದು ಕರೆಯುವ ಈ ಸರದಿಯ ಕಟ್ಟಳೆಯಲ್ಲೇ ಕೆಲವು ಗಟ್ಟಿ ಸಂಗತಿಗಳಿವೆ. ಹಸ್ತಾಂತರದ ದಿನವನ್ನು ಯಾರೂ ಗೊತ್ತುಮಾಡಬೇಕಿಲ್ಲ. ಸಮಸಂಖ್ಯೆಯ ವರ್ಷದ ಜನವರಿ 18ರ ನಸುಕು ಎಂದರೆ ಮುಗಿಯಿತು. ಮುಂದಿನವರು ಯಾರೆಂಬುದನ್ನು ಚರ್ಚಿಸುವ ಸಭೆಯೂ ಇಲ್ಲ. ನಿರ್ಗಮಿಸುವವರ ಮರ್ಜಿಗೆ ಬಿಟ್ಟ ವಿಷಯಗಳು ಕಡಿಮೆಯಾದಷ್ಟೂ ಸರದಿಗೆ ಬಾಳಿಕೆ ಹೆಚ್ಚು.

ಅದಕ್ಕಿಂತಲೂ ನನಗೆ ಬೆರಗು ಹುಟ್ಟಿಸುವುದು ಸಿದ್ಧತೆಯ ಕಾಲ. ಪೀಠವೇರುವ ಮಠ ಅದಕ್ಕೆ ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ ಮಾಡುತ್ತದೆ, ಅಂದರೆ ಮುಂದೆ ಅನ್ನದಾನಕ್ಕೆ ಬೇಕಾಗುವ ಎಲೆ, ಕಾಯಿಗಳಿಗಾಗಿ ಬಾಳೆಯ ಕಂದು ನೆಡುತ್ತದೆ. ಆಮೇಲೆ ಅಕ್ಕಿ ಮುಹೂರ್ತ, ಅನಂತರ ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಮಧ್ವ ಸರೋವರದ ಪಕ್ಕದಲ್ಲಿ ಸೌದೆಯನ್ನು ರಥದ ಆಕಾರದಲ್ಲಿ ಪೇರಿಸಿ ನಿಲ್ಲಿಸಿದ ಕಟ್ಟಿಗೆ ರಥವನ್ನು ಹೊರಗಿನಿಂದ ಬಂದವರು ಚಂದವೆಂದು ಫೋಟೋ ತೆಗೆದುಕೊಳ್ಳುತ್ತಾರೆ. ನನ್ನ ಕಣ್ಣಿಗೆ ಅದು ಎಲ್ಲರೂ ನೋಡುವ ಜಾಗದಲ್ಲಿ ಇಟ್ಟ ದಾಸ್ತಾನು ಪಟ್ಟಿ. ಬರುವವರು ಬರಿಗೈಯಲ್ಲಿ ಬರುತ್ತಿಲ್ಲ, ಎರಡು ವರ್ಷದ ಒಲೆಗೆ ಸೌದೆ ಕೂಡಿಸಿಟ್ಟಿದ್ದಾರೆ ಎಂಬುದು ರಥಬೀದಿಯಲ್ಲಿ ಹಾದುಹೋಗುವ ಯಾರಿಗೂ ತಿಳಿಯುತ್ತದೆ. ಅದೇ ಹೊತ್ತಿಗೆ ಪೀಠದಲ್ಲಿರುವವರಿಗೂ ತಮ್ಮ ಕಾಲ ಮುಗಿಯುತ್ತ ಬಂತೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ಪರ್ಯಾಯ ಸಮೀಪಿಸಿದಾಗ ಊರೂರುಗಳಿಂದ ಬರುವ ಹೊರೆಕಾಣಿಕೆಯ ಮೆರವಣಿಗೆಯೂ ಈ ಸಾಕ್ಷ್ಯಕ್ಕೆ ಸೇರಿಕೊಳ್ಳುತ್ತದೆ.

ಇನ್ನು ಹಸ್ತಾಂತರದ ಗಳಿಗೆ. ಪೀಠವೇರುವ ಯತಿಗಳು ಕಾಪುವಿನ ದಂಡತೀರ್ಥದಲ್ಲಿ ಮಿಂದು, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬಂದು, ಕೃಷ್ಣ ಮಠವನ್ನು ಸೇರುತ್ತಾರೆ. ಅಲ್ಲಿ ನಿರ್ಗಮಿಸುವ ಯತಿಗಳು ಅಕ್ಷಯ ಪಾತ್ರೆ, ಸಟ್ಟುಗ ಮತ್ತು ಕೀಲಿಕೈಯನ್ನು ಅವರ ಕೈಗೆ ಕೊಟ್ಟು, ಕೈಹಿಡಿದು ಕರೆದೊಯ್ದು ಸರ್ವಜ್ಞ ಪೀಠದಲ್ಲಿ ಕುಳ್ಳಿರಿಸುತ್ತಾರೆ. ಬೀಗದ ಕೈ ಕೊಟ್ಟರೆ ಕೊಠಡಿಯೊಂದು ಕೈಬಿಡುತ್ತದೆ. ಅನ್ನ ಬಡಿಸುವ ಸಟ್ಟುಗವನ್ನೇ ಕೊಟ್ಟಮೇಲೆ ನಾಳೆ ಮಧ್ಯಾಹ್ನದ ಪಂಕ್ತಿಯ ಹೊಣೆ ಯಾರದೆಂಬ ಪ್ರಶ್ನೆಯೇ ಉಳಿಯುವುದಿಲ್ಲ. ಎರಡು ವರ್ಷದ ಅನ್ನದಾನ, ಉತ್ಸವ, ಪೂಜೆಗಳ ಭಾರವನ್ನು ಪರ್ಯಾಯ ಮಠವೇ ಹೊರಬೇಕು. ನಮ್ಮ ಕಾಲದ ಎಷ್ಟೋ ಒಪ್ಪಂದಗಳಲ್ಲಿ ಗೌರವ ಹಂಚಿಕೆಯಾಗಿರುತ್ತದೆ, ಖರ್ಚು ಮಾತ್ರ ಯಾರ ಹೆಸರಿನಲ್ಲೂ ಇರುವುದಿಲ್ಲ. ಇಲ್ಲಿ ಎರಡೂ ಒಂದೇ ಪಾತ್ರೆಯಲ್ಲಿ ಬರುತ್ತವೆ.

ಪೀಠದಲ್ಲಿ ಕುಳಿತ ಪ್ರತಿಯೊಬ್ಬರೂ ಒಮ್ಮೆ ಕೊಡುವವರು, ಒಮ್ಮೆ ಪಡೆಯುವವರು ಎಂಬುದನ್ನೂ ಗಮನಿಸಬೇಕು. ಪೇಜಾವರ ಮಠದ ವಿಶ್ವೇಶ ತೀರ್ಥರು 1952ರಿಂದ 2018ರವರೆಗಿನ ಅವಧಿಯಲ್ಲಿ ಐದು ಪರ್ಯಾಯಗಳನ್ನು ನಡೆಸಿದರು, ಅಂದರೆ ಐದು ಸಲ ಕೀಲಿಕೈ ಪಡೆದರು, ಐದು ಸಲ ಮರಳಿಸಿದರು. ಇಂದು ನಾನು ಕೊಡದೆ ಸತಾಯಿಸಿದರೆ ಹದಿನಾಲ್ಕು ವರ್ಷದ ಬಳಿಕ ನನಗೋ ನನ್ನ ಶಿಷ್ಯನಿಗೋ ಅದೇ ಗತಿ ಬಂದೀತು ಎಂಬ ಎಚ್ಚರ ವ್ಯವಸ್ಥೆಯೊಳಗೇ ಇದೆ. ಇದರ ಜೊತೆಗೆ ದ್ವಂದ್ವ ಮಠಗಳ ಏರ್ಪಾಡು ಬೇರೆ: ಪಲಿಮಾರು–ಅದಮಾರು, ಕೃಷ್ಣಾಪುರ–ಪುತ್ತಿಗೆ, ಶೀರೂರು–ಸೋದೆ, ಕಾಣಿಯೂರು–ಪೇಜಾವರ ಎಂದು ಎಂಟು ಮಠಗಳು ಎರಡೆರಡಾಗಿ ಜೊತೆಗೂಡಿವೆ. ಒಂದು ಮಠದಲ್ಲಿ ಪೀಠ ತೆರವಾದರೆ ಅದರ ದ್ವಂದ್ವ ಮಠ ನೋಡಿಕೊಳ್ಳಬೇಕು. 2018ರಲ್ಲಿ ಶೀರೂರು ಮಠದ ಪೀಠ ಹಠಾತ್ತಾಗಿ ತೆರವಾದಾಗ ಸೋದೆ ಮಠ ಹೊಣೆ ಹೊತ್ತು, 2021ರಲ್ಲಿ ಹೊಸ ಯತಿಗಳ ನೇಮಕವಾಗುವವರೆಗೂ ಅದನ್ನು ನಡೆಸಿಕೊಂಡು ಹೋಯಿತು. ಹೀಗಾಗಿ 2026ರ ಜನವರಿಯ ಸರದಿ ಅನುಕ್ರಮದಂತೆ ಶೀರೂರು ಮಠದ್ದೇ ಆಗಿ ಉಳಿಯಿತು. ಒಬ್ಬ ಪದಾಧಿಕಾರಿ ಇಲ್ಲವಾದ ದಿನ ಯಾರು ಮುಂದೆ ಬರಬೇಕೆಂಬುದನ್ನು ಆ ದಿನ ಬರುವ ಮೊದಲೇ ನಿಶ್ಚಯಿಸಿರುವ ಬೈಲಾಗಳನ್ನು ನಾನು ಕಂಡದ್ದು ಬಹಳ ಕಡಿಮೆ.

ಇದೆಲ್ಲ ಹೇಳಿದೆನೆಂದು ಅಲ್ಲಿ ತಕರಾರುಗಳೇ ಇರಲಿಲ್ಲವೆಂದಲ್ಲ. 2008ರ ಪುತ್ತಿಗೆ ಪರ್ಯಾಯದ ಹೊತ್ತಿಗೆ ಯತಿಗಳ ಸಮುದ್ರೋಲ್ಲಂಘನದ ವಿಚಾರ ದೊಡ್ಡ ವಿವಾದವಾಯಿತು, ವಿದೇಶಕ್ಕೆ ಹೋಗಿಬಂದವರು ಕೃಷ್ಣನ ಪೂಜೆ ಮಾಡಬಹುದೇ ಎಂದು ಇತರ ಮಠಗಳಿಂದ ಆಕ್ಷೇಪ ಬಂತು. ಆದರೂ ಆ ಎರಡು ವರ್ಷ ಪುತ್ತಿಗೆ ಮಠದ ಲೆಕ್ಕದಲ್ಲೇ ಕಳೆದವು, 2010ರಲ್ಲಿ ಮುಂದಿನ ಸರದಿಯ ಶೀರೂರು ಮಠವೇ ಪೀಠವೇರಿತು. ಜಗಳ ಬಂದಾಗ ಅದು ವ್ಯಕ್ತಿಯ ಅರ್ಹತೆಯ ಸುತ್ತ ನಡೆಯಿತೇ ಹೊರತು ಕ್ಯಾಲೆಂಡರನ್ನು ಮುಟ್ಟಲಿಲ್ಲ.

ಇದರ ಪಕ್ಕದಲ್ಲಿ ನಮ್ಮ ರಾಜ್ಯ ಕಂಡ ಇನ್ನೊಂದು ಸರದಿಯನ್ನು ಇಟ್ಟು ನೋಡಬೇಕು. 2006ರ ಫೆಬ್ರವರಿ 3ರಂದು ಜೆಡಿಎಸ್ ಮತ್ತು ಬಿಜೆಪಿಗಳ ಸಮ್ಮಿಶ್ರ ಸರಕಾರ ಬಂದಾಗ ಇಪ್ಪತ್ತು ತಿಂಗಳು ಎಚ್.ಡಿ. ಕುಮಾರಸ್ವಾಮಿ, ಉಳಿದ ಇಪ್ಪತ್ತು ತಿಂಗಳು ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾಗಿರುವುದೆಂದು ಮಾತಾಗಿತ್ತು. 2007ರ ಅಕ್ಟೋಬರ್‌ನಲ್ಲಿ ಹಸ್ತಾಂತರ ನಡೆಯಲಿಲ್ಲ, ಬೆಂಬಲ ಹಿಂತೆಗೆತ, ರಾಷ್ಟ್ರಪತಿ ಆಳ್ವಿಕೆ ಎಲ್ಲ ಬಂದವು. ಮತ್ತೆ ರಾಜಿಯಾಗಿ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರೂ ಏಳು ದಿನಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಯಾರು ಮಾತಿಗೆ ತಪ್ಪಿದರೆಂಬ ರಾಜಕೀಯ ಚರ್ಚೆ ನನ್ನ ವಿಷಯವಲ್ಲ. ಒಪ್ಪಂದವೊಂದರ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಕೊಡುವವನಿಗೆ ಮತ್ತೆ ಪಡೆಯುವ ಸರದಿ ಇರಲಿಲ್ಲ, ಏಕೆಂದರೆ ನಲವತ್ತು ತಿಂಗಳ ಆಚೆಗೆ ಇದ್ದದ್ದು ಚುನಾವಣೆ. ಒಂದೇ ಸುತ್ತಿನ ಸರದಿಯಲ್ಲಿ ಮೊದಲು ಕುಳಿತವನಿಗೆ ಏಳಲು ಕಾರಣಗಳೇ ಕಡಿಮೆ. ಅರ್ಧರ್ಧ ಅವಧಿ ಹಂಚಿಕೊಳ್ಳುವ ಸಂಘಗಳು ನನ್ನಲ್ಲಿಗೆ ಬಂದಾಗ, ಸಾಧ್ಯವಾದರೆ ಅವಧಿಯನ್ನು ಚಿಕ್ಕದಾಗಿಸಿ ಸುತ್ತುಗಳನ್ನು ಹೆಚ್ಚಿಸಿಕೊಳ್ಳಿ ಎಂದು ಹೇಳುತ್ತೇನೆ. ಎರಡೂವರೆ ವರ್ಷ ಒಬ್ಬರು, ಎರಡೂವರೆ ವರ್ಷ ಇನ್ನೊಬ್ಬರು ಎಂಬುದಕ್ಕಿಂತ ವರ್ಷಕ್ಕೊಮ್ಮೆ ಬದಲಾಗುವುದು ಕೆಲಸಕ್ಕೆ ತುಸು ಅಡಚಣೆಯಾದರೂ ನಂಬಿಕೆಗೆ ಒಳ್ಳೆಯದು.

ಜೋಡಿ ಅಧಿಕಾರದ ಕಥೆ ಬೇರೆ. ಅದರ ಅತ್ಯಂತ ಹಳೆಯ ಮತ್ತು ಅತ್ಯಂತ ಸಾಮಾನ್ಯ ಸಾಧನ ಬ್ಯಾಂಕಿನ ಜಂಟಿ ಸಹಿ. ಅಧ್ಯಕ್ಷ ಮತ್ತು ಕಾರ್ಯದರ್ಶಿ, ಅಥವಾ ಕಾರ್ಯದರ್ಶಿ ಮತ್ತು ಖಜಾಂಚಿ ಇಬ್ಬರೂ ಸಹಿ ಹಾಕದೆ ಚೆಕ್ ಪಾಸಾಗುವುದಿಲ್ಲ ಎಂಬ ನಿಯಮವಿಲ್ಲದ ಸಂಘ ಇರಲಾರದು. ಕಾಗದದ ಮೇಲೆ ಇದಕ್ಕಿಂತ ಭದ್ರವಾದ ಏರ್ಪಾಡಿಲ್ಲ. ಒಂದು ವರ್ಷ ಒಂದು ಸಂಘದ ಲೆಕ್ಕ ನೋಡುತ್ತಿದ್ದಾಗ ವೋಚರುಗಳ ನಡುವೆ ಚೆಕ್ ಪುಸ್ತಕವೂ ಬಂದಿತ್ತು. ತೆರೆದು ನೋಡಿದರೆ ಇನ್ನೂ ಬಳಸದ ಹಾಳೆಗಳ ಮೇಲೆಲ್ಲ ಒಬ್ಬರ ಸಹಿ ಮೊದಲೇ ಬಿದ್ದಿತ್ತು, ಒಂದೇ ನೀಲಿ ಶಾಯಿಯಲ್ಲಿ, ಒಂದೇ ಕೂತಲ್ಲಿ ಹಾಕಿದ್ದೆಂದು ತಿಳಿಯುವ ಹಾಗೆ ಕೊನೆಕೊನೆಯ ಹಾಳೆಗಳಲ್ಲಿ ಅಕ್ಷರಗಳು ಸೋತು ಕುಗ್ಗಿದ್ದವು. ಕೇಳಿದಾಗ ಬಂದ ಉತ್ತರ: ‘ಅಧ್ಯಕ್ಷರು ಮಗನ ಮನೆಗೆ ಮುಂಬೈಗೆ ಹೋಗುವವರಿದ್ದರು, ಕೆಲಸ ನಿಲ್ಲಬಾರದಲ್ಲ ಸಾರ್.’ ಹಣ ಎಲ್ಲೂ ಸೋರಿಹೋಗಿರಲಿಲ್ಲ ಎಂಬುದನ್ನು ಹೇಳಿಬಿಡಬೇಕು. ಆದರೆ ಅಧ್ಯಕ್ಷರು ಊರಿನಲ್ಲಿಲ್ಲದ ಎರಡು ತಿಂಗಳು ಅಲ್ಲಿ ಜಂಟಿ ಅಧಿಕಾರವಿತ್ತೆಂದು ಯಾರೂ ಹೇಳಲಾರರು. ಜೋಡಿಯಲ್ಲೊಬ್ಬರು ಊರಿನಲ್ಲಿಲ್ಲದಾಗ ಏನು ಮಾಡಬೇಕೆಂದು ಒಪ್ಪಂದ ಹೇಳದಿದ್ದರೆ ಜನ ತಾವೇ ಒಂದು ದಾರಿ ಕಂಡುಕೊಳ್ಳುತ್ತಾರೆ, ಮತ್ತು ಆ ದಾರಿ ಒಪ್ಪಂದದ ಬುಡವನ್ನೇ ಕತ್ತರಿಸಿರುತ್ತದೆ. ಮೂವರಿಗೆ ಸಹಿಯ ಅಧಿಕಾರ ಕೊಟ್ಟು ಯಾರಾದರೂ ಇಬ್ಬರ ಸಹಿ ಸಾಕು ಎಂದು ಠರಾವು ಮಾಡಿದ್ದರೆ ಆ ನೀಲಿ ಶಾಯಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಗ್ರಾಮ ಪಂಚಾಯತಿಯಲ್ಲೂ ಇದೇ ಏರ್ಪಾಡು. ಚುನಾಯಿತ ಅಧ್ಯಕ್ಷರು ಮತ್ತು ನೇಮಕಗೊಂಡ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರೂ ಸೇರಿ ಹಣ ಬಿಡುಗಡೆ ಮಾಡಬೇಕು. ಈಗ ಶಾಯಿಯ ಬದಲು ಕಂಪ್ಯೂಟರಿಗೆ ಸಿಕ್ಕಿಸುವ ಡಿಜಿಟಲ್ ಸಹಿಯ ಡಾಂಗಲ್ ಬಂದಿದೆ, ಆದರೆ ದೂರು ಬದಲಾಗಿಲ್ಲ. ಎರಡೂ ಡಾಂಗಲ್‌ಗಳು ಒಂದೇ ಮೇಜಿನ ಖಾನೆಯಲ್ಲಿರುತ್ತವೆ, ಅಥವಾ ಅಧ್ಯಕ್ಷೆಯ ಡಾಂಗಲ್ ಅವರ ಗಂಡನ ಜೇಬಿನಲ್ಲಿರುತ್ತದೆ ಎಂಬ ಮಾತು ಊರೂರಿನಲ್ಲೂ ಕೇಳಿಬರುತ್ತದೆ. ಈ ವಿಷಯದಲ್ಲಿ ಓದುಬರಹ ಕಡಿಮೆಯಿರುವ ಉಳಿತಾಯ ಗುಂಪುಗಳೇ ಹೆಚ್ಚು ಜಾಣತನ ತೋರಿಸಿವೆ. ಆಫ್ರಿಕಾದ ನೈಜರ್ ದೇಶದಲ್ಲಿ 1991ರಲ್ಲಿ ಕೇರ್ ಎಂಬ ಅಂತಾರಾಷ್ಟ್ರೀಯ ನೆರವು ಸಂಸ್ಥೆ ಆರಂಭಿಸಿದ ಹಳ್ಳಿಯ ಉಳಿತಾಯ ಗುಂಪುಗಳ ಮಾದರಿ ಬೆಳೆದು ಹಲವು ದೇಶಗಳಿಗೆ ಹಬ್ಬಿತು. ಆ ಗುಂಪುಗಳ ಹಣದ ಪೆಟ್ಟಿಗೆಗೆ ಮೂರು ಬೀಗ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಮೂರು ಕೀಲಿಕೈಗಳು ಬೇರೆ ಮೂವರ ಮನೆಯಲ್ಲಿ. ತೆರೆಯುವುದು ಎಲ್ಲರೂ ಕುಳಿತ ಸಭೆಯ ನಡುವೆ. ನಮ್ಮಲ್ಲಿನ ಸ್ವಸಹಾಯ ಸಂಘಗಳಲ್ಲೂ ಅಧ್ಯಕ್ಷೆ ಎಂಬ ಒಂದೇ ಪದವಿಯ ಬದಲು ಇಬ್ಬರು ಪ್ರತಿನಿಧಿಗಳನ್ನು ಆರಿಸಿ, ವರ್ಷಕ್ಕೊಮ್ಮೆ ಅವರನ್ನು ಬದಲಿಸುವ ರೂಢಿ ಹಲವು ಕಡೆ ಇದೆ. ಅಂದರೆ ಜೋಡಿಯೂ ಇದೆ, ಸರದಿಯೂ ಇದೆ. ಒಂದು ಕೈ ಇನ್ನೊಂದನ್ನು ಕಾಯುತ್ತದೆ, ವರ್ಷ ಕಳೆದಾಗ ಎರಡೂ ಕೈಗಳು ಬದಲಾಗುತ್ತವೆ.

ವ್ಯಾಪಾರದಲ್ಲಿ ಜೊತೆಯಾಗುವವರಿಗೆ ಕಾನೂನು ಒಂದು ಚೌಕಟ್ಟನ್ನು ಕೊಟ್ಟಿದೆ. 1932ರ ಪಾಲುದಾರಿಕೆ ಅಧಿನಿಯಮದ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಪ್ರತಿಯೊಬ್ಬ ಪಾಲುದಾರನಿಗೂ ವ್ಯವಹಾರ ನಡೆಸುವುದರಲ್ಲಿ ಭಾಗವಹಿಸುವ ಹಕ್ಕಿದೆ, ಲಾಭನಷ್ಟ ಸಮಪಾಲು, ಸಾಮಾನ್ಯ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತದ ತೀರ್ಮಾನ, ಆದರೆ ವ್ಯವಹಾರದ ಸ್ವರೂಪವನ್ನೇ ಬದಲಿಸಬೇಕಾದರೆ ಎಲ್ಲರ ಒಪ್ಪಿಗೆ. ಒಬ್ಬ ಪಾಲುದಾರ ವ್ಯವಹಾರದ ಸಲುವಾಗಿ ಮಾಡಿದ ಸಾಲಕ್ಕೆ ಇನ್ನೊಬ್ಬನೂ ಬಾಧ್ಯ. 2008ರ ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆ ಪಾಲುದಾರಿಕೆ) ಅಧಿನಿಯಮದಲ್ಲಿ ಹೊಣೆಗೆ ಮಿತಿ ಬಂದಿತು, ಕನಿಷ್ಠ ಇಬ್ಬರು ನಿಯೋಜಿತ ಪಾಲುದಾರರು ಇರಲೇಬೇಕೆಂದಾಯಿತು. ಅಲ್ಲೂ ಒಪ್ಪಂದವಿಲ್ಲದಿದ್ದರೆ ಅನುಸೂಚಿಯ ನಿಯಮ ಅನ್ವಯಿಸಿ ಬಹುಮತಕ್ಕೇ ಬಂದು ನಿಲ್ಲುತ್ತದೆ. ಇದೆಲ್ಲ ಸರಿಯೇ, ಆದರೆ ನನ್ನೆದುರು ಬಂದು ಕೂರುವ ಪಾಲುದಾರರು ಬಹುತೇಕ ಇಬ್ಬರೇ. ಇಬ್ಬರಲ್ಲಿ ಬಹುಮತ ಎಂಬುದಿಲ್ಲ. ಕಾನೂನು ಕೈಬಿಟ್ಟ ಆ ಜಾಗವನ್ನು ಪಾಲುದಾರಿಕೆ ಪತ್ರವೇ ತುಂಬಬೇಕು. ಛಾಪಾ ಕಾಗದ ಮಾರುವವರ ಬಳಿ ಸಿಗುವ ಸಿದ್ಧ ನಮೂನೆಗಳಲ್ಲಿ ಆ ಜಾಗ ಹಾಗೆಯೇ ಖಾಲಿ ಬಿದ್ದಿರುತ್ತದೆ.

ದೊಡ್ಡ ಕಂಪನಿಗಳಿಗೂ ಈ ತೊಡಕು ತಪ್ಪಿದ್ದಲ್ಲ. ಬೆಂಗಳೂರಿನ ವಿಪ್ರೋ 2008ರಲ್ಲಿ ತನ್ನ ಐಟಿ ವ್ಯವಹಾರಕ್ಕೆ ಗಿರೀಶ್ ಪರಾಂಜಪೆ ಮತ್ತು ಸುರೇಶ್ ವಾಸ್ವಾನಿ ಎಂಬ ಇಬ್ಬರು ಜಂಟಿ ಸಿಇಒಗಳನ್ನು ನೇಮಿಸಿತು. 2011ರ ಆರಂಭದಲ್ಲಿ ಇಬ್ಬರೂ ಹೊರನಡೆದು ಟಿ.ಕೆ. ಕುರಿಯನ್ ಒಬ್ಬರೇ ಆ ಜಾಗಕ್ಕೆ ಬಂದರು, ರಚನೆ ಇನ್ನಷ್ಟು ಸರಳವಾಗಬೇಕೆಂಬ ಕಾರಣವನ್ನು ಕಂಪನಿ ಕೊಟ್ಟಿತು. ಜರ್ಮನಿಯ ಎಸ್‌ಎಪಿ ಕಂಪನಿಯಲ್ಲಿ 2010ರಿಂದ 2014ರವರೆಗೆ ಬಿಲ್ ಮ್ಯಾಕ್‌ಡರ್ಮಟ್ ಮತ್ತು ಜಿಮ್ ಹಾಗೆಮನ್ ಸ್ನಾಬೆ ಜೋಡಿ ಚೆನ್ನಾಗಿಯೇ ನಡೆಯಿತು. ಅದೇ ಕಂಪನಿ 2019ರ ಅಕ್ಟೋಬರ್‌ನಲ್ಲಿ ಮಾಡಿದ ಇನ್ನೊಂದು ಜೋಡಿ ಕೊರೋನಾ ಬಂದೆರಗಿದ 2020ರ ಏಪ್ರಿಲ್‌ನಲ್ಲಿ ಮುಗಿಯಿತು. ಸಂಕಟಕಾಲದಲ್ಲಿ ಸ್ಪಷ್ಟವಾದ ಒಂದೇ ನಾಯಕತ್ವ ಬೇಕೆಂಬುದು ಆಗ ಬಂದ ವಿವರಣೆ. ಇವುಗಳಿಂದ ಜೋಡಿಯೇ ಕೆಟ್ಟದ್ದೆಂದು ತೀರ್ಮಾನಿಸುವುದು ದುಡುಕಾದೀತು. ಒಬ್ಬರೇ ಇದ್ದು ಕೆಡಿಸಿದ ಕಂಪನಿಗಳ ಪಟ್ಟಿ ಇನ್ನೂ ಉದ್ದವಿದೆ. ಆದರೆ ತುರ್ತು ಬಂದಾಗ ಮೊದಲು ಮುರಿಯುವುದು ಜೋಡಿ ಎಂಬುದನ್ನು ಒಪ್ಪಲೇಬೇಕು. ಹಾಗಾಗಿ ತುರ್ತಿನ ಹೊತ್ತಿಗೆ ಇಬ್ಬರಲ್ಲಿ ಯಾರ ಮಾತು ನಡೆಯಬೇಕೆಂಬುದನ್ನು ನೆಮ್ಮದಿಯ ಕಾಲದಲ್ಲೇ ಬರೆದಿಡಬೇಕು.

ಜೋಡಿ ಚೆನ್ನಾಗಿ ನಡೆಯುವುದು ಕೆಲಸ ಸೀಳಿಕೊಂಡಾಗ ಎಂಬುದಕ್ಕೆ ಯಕ್ಷಗಾನ ಮೇಳದಷ್ಟು ಸ್ಪಷ್ಟವಾದ ನಿದರ್ಶನ ನನಗೆ ಬೇರೆ ಸಿಕ್ಕಿಲ್ಲ. ಮೇಳದ ಯಜಮಾನ ಆಟ ಒಪ್ಪಿಕೊಳ್ಳುತ್ತಾನೆ, ಸಂಬಳ ಬಟವಾಡೆ ಮಾಡುತ್ತಾನೆ, ಲಾರಿ ಊರಿಂದೂರಿಗೆ ಹೋಗುವುದನ್ನು ನೋಡಿಕೊಳ್ಳುತ್ತಾನೆ. ರಂಗಸ್ಥಳದ ಮೇಲೆ ಮಾತ್ರ ಪದ ಹಾಡುವ ಭಾಗವತನದೇ ಆಡಳಿತ. ಪದ ಎಲ್ಲಿ ಎತ್ತಬೇಕು, ಯಾವ ಪ್ರಸಂಗ ಎಲ್ಲಿ ಕಿರಿದಾಗಬೇಕು, ಯಾವ ವೇಷ ಎಷ್ಟು ಹೊತ್ತು ಕುಣಿಯಬೇಕು ಎಂಬುದನ್ನೆಲ್ಲ ಅವನ ಜಾಗಟೆಯೇ ತೀರ್ಮಾನಿಸುತ್ತದೆ. ವೇಷ ಕಟ್ಟುವ ಚೌಕಿಯಿಂದ ಯಜಮಾನ ಬಂದು ಈ ಪದ ಬೇಡ ಎನ್ನುವುದು ಹೇಗೆ ಸಲ್ಲದೋ, ಮುಂದಿನ ವರ್ಷದ ಆಟದ ವೀಳ್ಯವನ್ನು ಭಾಗವತ ಒಪ್ಪಿಕೊಳ್ಳುವುದೂ ಹಾಗೆಯೇ ಸಲ್ಲದು. ಇಬ್ಬರೂ ಸಮಾನರೇ ಎಂಬ ಪ್ರಶ್ನೆಯನ್ನು ಮೇಳದಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ. ಗಡಿ ಗೊತ್ತಿದ್ದಲ್ಲಿ ಆ ಪ್ರಶ್ನೆಗೆ ಕೆಲಸವಿಲ್ಲ.

ಕೇಟರಿಂಗ್ ನಡೆಸುವ ಇಬ್ಬರು ಗೆಳೆಯರಿಗೆ ಕರಾರು ಬರೆಯುವಾಗ ನಾನು ಈ ಮಾದರಿಯನ್ನೇ ಹಿಡಿದೆ. ಒಬ್ಬರು ಅಡುಗೆಯವರು, ಇನ್ನೊಬ್ಬರು ಮದುವೆ ಮುಂಜಿಗಳ ಆರ್ಡರ್ ಹಿಡಿದು ತರುವವರು. ಅವರಲ್ಲಿ ಜಗಳ ಬರುತ್ತಿದ್ದದ್ದು ಲಾಭದ ಪಾಲಿಗಲ್ಲ, ಒಂದೇ ದಿನಕ್ಕೆ ಎರಡು ಮದುವೆ ಒಪ್ಪಿಕೊಂಡು ಮುಂಗಡ ಪಡೆದುಬಿಡುವ ವಿಷಯಕ್ಕೆ. ಅಡುಗೆಯವರಿಗೆ ಅದು ಗೊತ್ತಾಗುತ್ತಿದ್ದುದು ದಿನಸಿ ಪಟ್ಟಿ ಬರೆಯುವ ಹೊತ್ತಿಗೆ. ಬೆಲೆ ಹೇಳುವುದು, ಗಿರಾಕಿಯೊಡನೆ ಮಾತಾಡುವುದು, ಬಾಕಿ ವಸೂಲಿ ಒಬ್ಬರದೆಂದೂ, ಅಡುಗೆಯಾಳುಗಳನ್ನು ಇಟ್ಟುಕೊಳ್ಳುವುದು ಬಿಡುವುದು, ದಿನಸಿ ಯಾವ ಅಂಗಡಿಯಿಂದ ಎಂಬುದು ಇನ್ನೊಬ್ಬರದೆಂದೂ ಬರೆದೆವು. ತಂತಮ್ಮ ಪಾಲಿನ ಕೆಲಸಕ್ಕೆ ಇಂತಿಷ್ಟು ಮೊತ್ತದವರೆಗೆ ಯಾರನ್ನೂ ಕೇಳಬೇಕಾಗಿಲ್ಲ, ಅದರಾಚೆಗೆ ಇಬ್ಬರ ಒಪ್ಪಿಗೆಯೂ ಬೇಕು, ಒಂದೇ ದಿನಕ್ಕೆ ಎರಡನೆಯ ಆರ್ಡರ್ ಬಂದರೆ ಬೇಡ ಎನ್ನುವ ಹಕ್ಕು ಅಡುಗೆಯವರದು. ಒಪ್ಪಿಗೆ ಮೂರು ದಿನದೊಳಗೆ ಬಾರದಿದ್ದರೆ ಆ ಖರ್ಚು ಬೇಡವೆಂದೇ ಅರ್ಥ ಎಂಬ ಸಾಲೂ ಸೇರಿತು. ಇಬ್ಬರಲ್ಲಿ ಮಾತು ಕೂಡದ ಸಂದರ್ಭಕ್ಕೆ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರನ್ನು ಗೊತ್ತುಮಾಡಿ, ಅವರ ಒಪ್ಪಿಗೆಯನ್ನೂ ಆಗಲೇ ಪಡೆದುಕೊಂಡೆವು. ಬಿಟ್ಟುಹೋಗುವವರಿಗೆ ಪಾತ್ರೆ ಪರಡಿಗಳ ಬೆಲೆ ಹೇಗೆ ಕಟ್ಟಬೇಕೆಂಬ ಸಾಲು ಬರೆಯುವಾಗ ಇಬ್ಬರ ಮುಖವೂ ಸಪ್ಪಗಾಯಿತು, ಶುಭಕಾರ್ಯದ ಹೊತ್ತಿಗೆ ಇದೇಕೆ ಎಂಬಂತೆ. ಅದನ್ನು ಬಿಡಲು ನಾನು ಒಪ್ಪಲಿಲ್ಲ. ಬೇರೆಯಾಗುವ ದಾರಿ ಗೊತ್ತಿರುವವರು ಸಣ್ಣ ಮುನಿಸಿಗೆ ಬೇರೆಯಾಗುವುದಿಲ್ಲ ಎಂಬುದು ನನ್ನ ಅನುಭವ.

ಸಂಘಗಳಿಗೆ ಬರೆಯುವಾಗ ನಾನು ಈಗ ಹೆಚ್ಚು ಹೊತ್ತು ಕಳೆಯುವುದು ಹಸ್ತಾಂತರದ ಪಟ್ಟಿಯ ಮೇಲೆ. ಹಳೆಯ ಪಟ್ಟಿಗಳಲ್ಲಿ ನಡವಳಿ ಪುಸ್ತಕ, ರಶೀದಿ ಪುಸ್ತಕ, ಮೊಹರು, ಕಪಾಟಿನ ಕೀಲಿಕೈ, ಕುರ್ಚಿ, ಶಾಮಿಯಾನ ಎಂದಿದ್ದರೆ ಸಾಕಾಗಿತ್ತು. ಇಂದು ಅಧಿಕಾರ ಕುಳಿತಿರುವುದು ಬೇರೆ ಕಡೆ. ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಎರಡು ಅವಧಿ ಹಿಂದಿನ ಕಾರ್ಯದರ್ಶಿಯದ್ದಾಗಿರುತ್ತದೆ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗಬೇಕಾದರೆ ಒಟಿಪಿ ದುಬೈಯಲ್ಲಿರುವ ಮಾಜಿ ಖಜಾಂಚಿಗೆ ಹೋಗುತ್ತದೆ. ಸಂಘದ ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್, ಫೇಸ್‌ಬುಕ್ ಪುಟದ ಪಾಸ್‌ವರ್ಡ್, ಕ್ಯೂಆರ್ ಕೋಡ್ ಅಂಟಿಸಿದ ಹುಂಡಿಯ ಹಣ ಜಮೆಯಾಗುವ ಖಾತೆ, ಇವೆಲ್ಲ ಚುನಾವಣೆಯಲ್ಲಿ ಸೋತವರ ಫೋನಿನಲ್ಲೇ ಉಳಿದುಬಿಡುತ್ತವೆ. ಗೆದ್ದವರಿಗೆ ಹಾರವೂ ಪದವಿಯೂ ಸಿಕ್ಕಿರುತ್ತದೆ, ಹಣ ತೆಗೆಯಬೇಕಾದಾಗಲೆಲ್ಲ ಸೋತವರಿಗೆ ಫೋನ್ ಮಾಡಿ ಆರು ಅಂಕಿಗಳನ್ನು ಬೇಡಿಕೊಳ್ಳಬೇಕು. ಅವರು ಕೆಟ್ಟವರೇ ಆಗಿರಬೇಕೆಂದಿಲ್ಲ, ಊಟಕ್ಕೆ ಕುಳಿತಿದ್ದಾಗಲೋ ಬಸ್ಸಿನಲ್ಲಿದ್ದಾಗಲೋ ಆ ಒಟಿಪಿಯ ಅವಧಿ ಮುಗಿದುಹೋಗುತ್ತದೆ ಅಷ್ಟೆ.

ನಾನು ಲೆಕ್ಕ ನೋಡುವ ಒಂದು ಯುವಕ ಮಂಡಲ ಇದಕ್ಕೆ ಸುಲಭವಾದ ಉಪಾಯ ಮಾಡಿಕೊಂಡಿದೆ. ಮಂಡಲದ ಹಣದಿಂದಲೇ ಒಂದು ಸಾದಾ ಫೋನನ್ನೂ ಸಿಮ್ಮನ್ನೂ ಕೊಂಡು, ಬ್ಯಾಂಕು, ಪಾನ್, ತೆರಿಗೆ, ವಿದ್ಯುತ್ ಬಿಲ್ಲು ಎಲ್ಲದಕ್ಕೂ ಅದೇ ಸಂಖ್ಯೆಯನ್ನು ಕೊಟ್ಟಿದ್ದಾರೆ. ಫೋನು ಕಾರ್ಯದರ್ಶಿಯ ಬಳಿ, ಪಾಸ್‌ವರ್ಡ್ ಬರೆದಿಟ್ಟ ಲಕೋಟೆ ಖಜಾಂಚಿಯ ಬಳಿ ಇರುತ್ತದೆ, ಹೀಗಾಗಿ ಒಬ್ಬರಿಂದಲೇ ಯಾವ ವ್ಯವಹಾರವೂ ಮುಗಿಯದು. ಪ್ರತಿ ಮಹಾಸಭೆಯ ದಿನ ಹೊಸಬರಿಗೆ ಮೊಹರಿನ ಜೊತೆ ಆ ಫೋನನ್ನೂ ಚಾರ್ಜರನ್ನೂ ಕೊಟ್ಟು ನಡವಳಿ ಪುಸ್ತಕದಲ್ಲಿ ಇಬ್ಬರ ಸಹಿ ಪಡೆಯುತ್ತಾರೆ, ಲಕೋಟೆಯೊಳಗಿನ ಪಾಸ್‌ವರ್ಡ್ ಆ ವಾರದಲ್ಲೇ ಬದಲಾಗುತ್ತದೆ. ವಾರ್ಷಿಕ ಆಯವ್ಯಯದಲ್ಲಿ ಮೊಬೈಲ್ ರೀಚಾರ್ಜ್ ಎಂಬ ಒಂದು ಬಾಬತ್ತು ಇರುತ್ತದೆ. ಅದನ್ನು ಕಡಿಮೆ ಮಾಡಬಹುದಲ್ಲ ಎಂದು ಕಳೆದ ಮಹಾಸಭೆಯಲ್ಲಿ ಸದಸ್ಯರೊಬ್ಬರು ಎದ್ದು ಕೇಳಿದರಂತೆ. ಕಡಿಮೆ ಮಾಡಬೇಡಿ ಎಂದು ಈ ಸಲದ ಆಡಿಟ್ ವರದಿಯಲ್ಲಿ ನಾನೇ ಒಂದು ಸಾಲು ಬರೆದಿದ್ದೇನೆ.